ಗಂಜಿ ಸಾಲದು



ಬಾಯಿ ಕ್ಯಾನ್ಸರಿಗೆ ದೊಡ್ಡ ಆಪರೇಶನ್ ಮಾಡಿಸಿಕೊಂಡು ಮನೆಗೆ ಹೋಗಿದ್ದ ರೈತರೊಬ್ಬರು ಹದಿನೆಂಟು ದಿನದ ಮೇಲೆ ಮತ್ತೆ ತೋರಿಸಲು ಬಂದಿದ್ದರು. ಹೊರಟ ದಿನ 52 ಕಿಲೋ ತೂಗಿದ್ದವರು 47ಕ್ಕೆ ಇಳಿದಿದ್ದರು. ಕೆಳದವಡೆಯ ಒಂದು ಪಕ್ಕವನ್ನು ತೆಗೆದು, ಎದೆಯ ಸ್ನಾಯುವನ್ನು ಮೇಲಕ್ಕೆ ತಿರುಗಿಸಿ ತಂದು ಕೆನ್ನೆ ಮುಚ್ಚಿದ್ದರು. ಆ ಹೊಲಿಗೆಯ ಒಂದು ಮೂಲೆ ಬಿಟ್ಟುಕೊಂಡು ಒಸರುತ್ತಿತ್ತು. ಮೂಗಿನಲ್ಲಿ, ಹೊಟ್ಟೆಗೆ ಊಟ ಇಳಿಸುವ ರೈಲ್ಸ್ ಟ್ಯೂಬ್. ಪಕ್ಕದಲ್ಲಿ ಸ್ಟೀಲ್ ಫ್ಲಾಸ್ಕ್ ಹಿಡಿದು ನಿಂತಿದ್ದ ಹೆಂಡತಿಯನ್ನು ಕೇಳಿದೆ.

“ಟ್ಯೂಬಿಗೆ ಏನು ಹಾಕ್ತಿದ್ದೀರಮ್ಮ?”

“ಗಂಜಿ ಮೇಡಂ. ಎರಡು ಗಂಟೆಗೊಂದ್ಸಲ, ಒಂದು ದಿನವೂ ತಪ್ಪಿಸಿಲ್ಲ. ರಾತ್ರಿ ಹನ್ನೊಂದಕ್ಕೂ ಎದ್ದು ಹಾಕ್ತೀನಿ.”

“ಗಟ್ಟಿಯಾಗಿ ಮಾಡ್ತೀರೋ, ನೀರಾಗಿ ಮಾಡ್ತೀರೋ?”

“ನೀರಾಗೇ ಮೇಡಂ. ಗಟ್ಟಿ ಮಾಡಿದ್ರೆ ಪೈಪು ಕಟ್ಕೊಳ್ಳುತ್ತೆ ಅಂತ ಬಟ್ಟೇಲಿ ಸೋಸಿ ತಿಳಿ ಮಾತ್ರ ಹಾಕ್ತೀನಿ.”

ಆಕೆಯ ಕಣ್ಣಿನ ಕೆಳಗಿನ ಕಪ್ಪು ನೋಡಿದರೆ ಎಷ್ಟು ರಾತ್ರಿ ನಿದ್ದೆ ಬಿಟ್ಟಿದ್ದಾರೆಂದು ಯಾರಾದರೂ ಹೇಳಬಹುದಿತ್ತು. ಅಷ್ಟು ಸೇವೆಯ ನಡುವೆಯೂ ಆಕೆಯ ಗಂಡ ಹದಿನೆಂಟು ದಿನ ಉಪವಾಸವಿದ್ದರು.

ಲೆಕ್ಕ ಹಾಕಿ ನೋಡೋಣ. ಒಂದು ಲೋಟ ತೆಳು ಗಂಜಿಗೆ ಬೀಳುವುದು ಹದಿನೈದು ಗ್ರಾಂ ಅಕ್ಕಿ. ಅದರಲ್ಲಿ ಸಿಗುವುದು ಸುಮಾರು 50 ಕ್ಯಾಲರಿ ಶಕ್ತಿ, ಒಂದು ಗ್ರಾಂ ಪ್ರೋಟೀನ್. ದಿನಕ್ಕೆ ಎಂಟು ಲೋಟ ಹಾಕಿದರೆ 400 ಕ್ಯಾಲರಿ, ಎಂಟೊಂಬತ್ತು ಗ್ರಾಂ ಪ್ರೋಟೀನ್. ಸೋಸಿದರೆ ಅದೂ ಪೂರ್ತಿ ಇಳಿಯುವುದಿಲ್ಲ, ಅಕ್ಕಿಯ ಸತ್ವವೆಲ್ಲ ಬಟ್ಟೆಯಲ್ಲೇ ಉಳಿಯುತ್ತದೆ. ಇಂಥ ಆಪರೇಶನ್ ಆದವರಿಗೆ ಬೇಕಾದದ್ದು ಮೈತೂಕದ ಪ್ರತಿ ಕಿಲೋಗೆ 30 ಕ್ಯಾಲರಿ, 1.2ರಿಂದ 1.5 ಗ್ರಾಂ ಪ್ರೋಟೀನ್. ಐವತ್ತು ಕಿಲೋ ತೂಕದವರಿಗೆ ದಿನಕ್ಕೆ 1,500 ಕ್ಯಾಲರಿ, 60ರಿಂದ 75 ಗ್ರಾಂ ಪ್ರೋಟೀನ್ ಎಂದಾಯಿತು. ಪ್ರೋಟೀನ್ ಬೇಕಾದದ್ದು ಎಪ್ಪತ್ತು ಗ್ರಾಂ, ಇಳಿಯುತ್ತಿದ್ದದ್ದು ಹೆಚ್ಚೆಂದರೆ ಎಂಟು. ಉಳಿದದ್ದನ್ನು ದೇಹ ತನ್ನ ಸ್ನಾಯುಗಳನ್ನೇ ಕರಗಿಸಿ ತುಂಬಿಕೊಳ್ಳುತ್ತದೆ. ತೊಡೆ ಸೊರಗುತ್ತದೆ, ಕೆಮ್ಮುವ ಬಲ ಹೋಗುತ್ತದೆ, ನುಂಗಲು ಬೇಕಾದ ಗಂಟಲಿನ ಸ್ನಾಯುವೂ ಬಡವಾಗುತ್ತದೆ. ಗಾಯ ಕೂಡಿಕೊಳ್ಳಲು ಬೇಕಾದ ಸಾಮಗ್ರಿಯೇ ಇಲ್ಲದೆ ಹೊಲಿಗೆ ಬಿಟ್ಟುಕೊಳ್ಳುತ್ತದೆ.

ಕ್ಯಾನ್ಸರ್ ವಾರ್ಡುಗಳಲ್ಲಿ ರೋಗಿಗಳ ಊಟದ ಲೆಕ್ಕ ನೋಡುವುದು ನನ್ನ ಕೆಲಸ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂಥ ಕಡೆಗೆ ಬೀದರ್, ರಾಯಚೂರಿನಿಂದಲೂ ಜನ ಬರುತ್ತಾರೆ, ಆಪರೇಶನ್ ಆಗಿ ಹತ್ತು ಹನ್ನೆರಡು ದಿನಕ್ಕೆ ಊರಿಗೆ ಹೊರಡುತ್ತಾರೆ. ಆಮೇಲಿನ ವಾರಗಳೆಲ್ಲ ಮನೆಯ ಅಡುಗೆಮನೆಯಲ್ಲೇ ಕಳೆಯಬೇಕು. ಅಲ್ಲಿಯವರೆಗೆ ನನ್ನ ದನಿ ತಲುಪುವುದು ಬಾನುಲಿಯಿಂದ ಮಾತ್ರ. ಅದಕ್ಕಾಗಿ ಈ ಮಾತು.

ಭಾರತದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಬಾಯಿಯದು. ಹೊಗೆಸೊಪ್ಪು, ಗುಟ್ಕಾ, ಬೀಡಿ, ಹೆಂಡ ಇವುಗಳ ಪಾಲು ಎಲ್ಲರಿಗೂ ಗೊತ್ತಿದೆ. ತಂಬಾಕು ಬೆರೆಸದ ಬರಿಯ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ಅಡಿಕೆ ಬೆಳೆಯಲ್ಲಿ ದೇಶಕ್ಕೇ ಮೊದಲಿರುವ ನಮ್ಮ ರಾಜ್ಯದಲ್ಲಿ ಈ ಮಾತು ಹೇಳುವುದೂ ಕಷ್ಟ, ಕೇಳುವುದೂ ಕಷ್ಟ. ಆದರೆ ವರ್ಷಗಟ್ಟಲೆ ಅಡಿಕೆ ಅಗಿದವರ ಕೆನ್ನೆಯ ಒಳಪದರ ಬೆಳ್ಳಗಾಗಿ, ತೊಗಲಿನಂತೆ ಬಿಗಿದು, ಎರಡು ಬೆರಳೂ ಹೋಗದಷ್ಟು ಬಾಯಿ ಕಟ್ಟಿಕೊಳ್ಳುವುದನ್ನು ನಾನು ದಿನವೂ ನೋಡುತ್ತೇನೆ. ಇಂಥವರು ಮೊದಲು ಖಾರ ಬಿಡುತ್ತಾರೆ, ಆಮೇಲೆ ರೊಟ್ಟಿ ಬಿಡುತ್ತಾರೆ, ಕೊನೆಗೆ ಮುದ್ದೆಯನ್ನೂ ಬಿಟ್ಟು ಮಜ್ಜಿಗೆ ಅನ್ನಕ್ಕೆ ಬಂದು ನಿಲ್ಲುತ್ತಾರೆ. ಗೆಡ್ಡೆ ಇದೆಯೆಂದು ಡಾಕ್ಟರು ಹೇಳುವ ಹೊತ್ತಿಗೆ ಆರು ತಿಂಗಳ ಅರೆಹೊಟ್ಟೆ ಆಗಿಹೋಗಿರುತ್ತದೆ. ಆರು ತಿಂಗಳಲ್ಲಿ ಮೈತೂಕದ ನೂರಕ್ಕೆ ಹತ್ತು ಪಾಲು ಇಳಿದಿದ್ದರೆ ಅದು ಅಪಾಯದ ಗುರುತು. ಆದ್ದರಿಂದ ಆಪರೇಶನ್ ನಂತರದ ಊಟದ ಮಾತನ್ನು ಆಪರೇಶನ್ನಿಗೆ ಮುಂಚೆಯೇ ಶುರುಮಾಡಬೇಕು. ತೀರಾ ಸೊರಗಿದವರಿಗೆ ಒಂದೆರಡು ವಾರ ಚೆನ್ನಾಗಿ ಆಹಾರ ಕೊಟ್ಟು ಆಮೇಲೆ ಚಾಕು ಹಿಡಿಯುವುದು ಒಳ್ಳೆಯದೆಂದು ವೈದ್ಯಕೀಯ ಮಾರ್ಗಸೂಚಿಗಳೂ ಹೇಳುತ್ತವೆ.

ಇಲ್ಲಿ ಒಂದು ಎಚ್ಚರಿಕೆ. ಬಹಳ ದಿನ ಹಸಿದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಕೊಡಬಾರದು. ಎರಡನೆಯ ಮಹಾಯುದ್ಧ ಮುಗಿದಾಗ ಸೆರೆಶಿಬಿರಗಳಲ್ಲಿ ಹಸಿದು ಬಳಲಿದ್ದವರಿಗೆ ಊಟ ಹಾಕಿದರೆ ಕೆಲವರು ಉಂಡ ಮೇಲೆ ಸತ್ತರು. ಹಸಿದ ದೇಹಕ್ಕೆ ಸಕ್ಕರೆ, ಪಿಷ್ಟ ಒಮ್ಮೆಗೇ ಬಂದರೆ ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳ ಒಳಗೆ ನುಗ್ಗಿ, ರಕ್ತದಲ್ಲಿ ಅವು ಬರಿದಾಗಿ ಹೃದಯದ ಬಡಿತ ತಪ್ಪುತ್ತದೆ. ಅದಕ್ಕೇ ಆಸ್ಪತ್ರೆಯಲ್ಲಿ ಮೊದಲು ಬಿ-1 ಜೀವಸತ್ವ ಕೊಟ್ಟು, ಬೇಕಾದುದರ ಮೂರನೆಯ ಒಂದು ಭಾಗದಿಂದ ಶುರುಮಾಡಿ, ರಕ್ತ ಪರೀಕ್ಷೆ ನೋಡಿಕೊಂಡು ದಿನದಿನಕ್ಕೆ ಏರಿಸುತ್ತೇವೆ. “ಇಷ್ಟು ಸಣ್ಣ ಬಾಟ್ಲಿನಾ?” ಎಂದು ಮನೆಯವರು ಬೇಸರಪಟ್ಟುಕೊಂಡು, ನರ್ಸ್ ನೋಡದಾಗ ಎರಡು ಲೋಟ ಹೆಚ್ಚು ಹಾಕುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ.

ಆಪರೇಶನ್ ಆದ ಮಾರನೆಯ ದಿನವೇ, ಬಹಳ ಸಲ ಇಪ್ಪತ್ನಾಲ್ಕು ಗಂಟೆಯ ಒಳಗೇ, ನಳಿಕೆಯಲ್ಲಿ ಆಹಾರ ಶುರುವಾಗುತ್ತದೆ. ಬಾಯಿ ಗಂಟಲಿನ ಹೊಲಿಗೆಗೆ ವಿಶ್ರಾಂತಿ ಬೇಕು, ಆದರೆ ಹೊಟ್ಟೆ ಕರುಳಿಗೆ ಏನೂ ಆಗಿಲ್ಲ. ಮೂಗಿನಿಂದ ಹೊಟ್ಟೆಗಿಳಿಯುವ ಈ ನಳಿಕೆಗೆ ರೈಲ್ಸ್ ಟ್ಯೂಬ್ ಎಂಬ ಹೆಸರು ಬಂದದ್ದು ಲಂಡನ್ನಿನ ವೈದ್ಯ ಜಾನ್ ರೈಲ್ ಅವರಿಂದ. 1921ರಲ್ಲಿ ಅವರು ಇದನ್ನು ಮಾಡಿದ್ದು ಹೊಟ್ಟೆಯ ರಸವನ್ನು ಪರೀಕ್ಷೆಗೆಂದು ಹೊರಕ್ಕೆ ಎಳೆಯಲು. ಒಳಕ್ಕೆ ಊಟ ಇಳಿಸುವ ದಾರಿಯಾಗಿ ಅದು ಎಷ್ಟು ಜೀವ ಉಳಿಸಿದೆಯೋ! ಹೀಗೆ ಆಹಾರ ಶುರುಮಾಡಿದಾಗ, ಆಪರೇಶನ್ನಿನಲ್ಲಿ ಕುತ್ತಿಗೆಯ ಗಂಟುಗಳನ್ನೂ ತೆಗೆದವರಲ್ಲಿ, ಅದರಲ್ಲೂ ಎಡಗಡೆ ತೆಗೆದವರಲ್ಲಿ, ಒಂದು ವಿಚಿತ್ರ ತೊಂದರೆ ಅಪರೂಪಕ್ಕೆ ಕಾಣಿಸುತ್ತದೆ. ಕರುಳಿನಿಂದ ಕೊಬ್ಬನ್ನು ಹೊತ್ತು ತರುವ ನಾಳ ಅಲ್ಲೇ ಕುತ್ತಿಗೆಯ ಬುಡದಲ್ಲಿ ರಕ್ತನಾಳಕ್ಕೆ ಸೇರುವುದರಿಂದ, ಅದಕ್ಕೆ ಪೆಟ್ಟಾಗಿದ್ದರೆ ಆಹಾರ ಶುರುವಾದೊಡನೆ ಕುತ್ತಿಗೆಯ ಡ್ರೈನ್ ಬಾಟಲಿಯಲ್ಲಿ ಹಾಲಿನಂಥ ದ್ರವ ಬರುತ್ತದೆ. ಆಗ ಕೆಲವು ದಿನ ಜಿಡ್ಡಿಲ್ಲದ, ಅಥವಾ ಬೇರೆ ಬಗೆಯ ಕೊಬ್ಬಿರುವ ಫೀಡ್ ಕೊಡುತ್ತೇವೆ. ಇಂಥ ಹೊತ್ತಿನಲ್ಲಿ ಮನೆಯಿಂದ ತಂದ ಒಂದು ಚಮಚ ತುಪ್ಪವೂ ಕೆಡುಕು ಮಾಡೀತು.

ಈಗ ಅಡುಗೆಮನೆಗೆ ಹೋಗೋಣ. ನನಗೆ ಹೆಚ್ಚು ಮಾತಾಡಬೇಕಿರುವುದು ಅಲ್ಲೇ.

ಟ್ಯೂಬ್ ಕಟ್ಟಿಕೊಳ್ಳುತ್ತದೆ ಎಂಬ ಆ ತಾಯಿಯ ಭಯ ಸುಳ್ಳಲ್ಲ. ಹಿಟ್ಟು ಬೆಂದಾಗ ನೀರು ಹೀರಿ ಉಬ್ಬುತ್ತದೆ. ಒಂದು ಹಿಡಿ ಹಿಟ್ಟಿಗೆ ಒಂದು ಪಾತ್ರೆ ನೀರು ಬೇಕು, ಇಲ್ಲವಾದರೆ ಗಟ್ಟಿ. ತೆಳುವಾಗಿಯೂ ಇರಬೇಕು, ಸತ್ವವೂ ಇರಬೇಕೆಂದರೆ ಏನು ಮಾಡುವುದು? ಉತ್ತರ ನಮ್ಮ ಮನೆಗಳಲ್ಲೇ ಇದೆ: ಮೊಳಕೆ ಕಟ್ಟಿದ ರಾಗಿ. ರಾಗಿ ಮೊಳೆಯುವಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟದ ಉದ್ದ ಸರಪಳಿಗಳನ್ನು ಕತ್ತರಿಸುತ್ತದೆ. ಕತ್ತರಿಸಿದ ಪಿಷ್ಟ ನೀರನ್ನು ಹಿಡಿದಿಟ್ಟುಕೊಳ್ಳಲಾರದೆ ಗಂಜಿ ತೆಳ್ಳಗಾಗುತ್ತದೆ. ಎಳೆ ಮಕ್ಕಳ ಆಹಾರಕ್ಕಾಗಿ ಮೊಳಕೆ ಕಟ್ಟಿದ ಧಾನ್ಯಗಳ ಈ ಗುಣವನ್ನು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಸಂಶೋಧಕರು ಬಹಳ ಹಿಂದೆಯೇ ಅಭ್ಯಾಸ ಮಾಡಿದ್ದಾರೆ. ಮಗುವಿನ ಪುಟ್ಟ ಹೊಟ್ಟೆಗೆ ಒದಗಿದ್ದು ರೋಗಿಯ ಸಣ್ಣ ನಳಿಕೆಗೂ ಒದಗುತ್ತದೆ.

ನಾನು ಇದನ್ನು ಹೇಳಿದಾಗ ಆ ರೈತರ ಹೆಂಡತಿಯ ಮುಖ ಅರಳಿತು. “ಅಯ್ಯೋ, ಮೊಮ್ಮಗೀಗೆ ಮಾಡ್ತಿದ್ದೆನಲ್ಲ ಮೇಡಂ ಇದ್ನ! ಇವ್ರಿಗೂ ಆಗುತ್ತೆ ಅಂತ ಯಾರೂ ಹೇಳ್ಲಿಲ್ಲ.” ಯಾರೂ ಹೇಳಲಿಲ್ಲ ಎಂಬ ಮಾತು ನನ್ನಂಥವರ ಮೇಲಿನ ದೂರು. ಅದನ್ನು ಒಪ್ಪಿಕೊಂಡೇ ಮುಂದಿನದನ್ನು ಬಿಡಿಸಿ ಹೇಳುತ್ತೇನೆ.

ರಾಗಿಯನ್ನು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಮೊಳಕೆ ಬರಿಸಿ, ಚೆನ್ನಾಗಿ ಒಣಗಿಸಿ, ಕೈಯಲ್ಲಿ ತಿಕ್ಕಿ ಮೊಳಕೆ ಉದುರಿಸಿ, ಘಮ್ಮೆನ್ನುವಷ್ಟು ಮಾತ್ರ ಹದವಾಗಿ ಹುರಿದು ಬೀಸಬೇಕು. ಕಪ್ಪಗೆ ಹುರಿದರೆ ಆ ಕಿಣ್ವ ಸುಟ್ಟುಹೋಗಿ ಬರೀ ಹಿಟ್ಟು ಉಳಿಯುತ್ತದೆ. ಬೀಸಿದ್ದನ್ನು ತೆಳು ಬಟ್ಟೆಯಲ್ಲಿ ಜಾಲಿಸಿಕೊಳ್ಳಿ. ಹಿಟ್ಟಾಗಿದ್ದಾಗಲೇ ಜಾಲಿಸಿದರೆ ಗಂಜಿಯಾದ ಮೇಲೆ ಸೋಸಿ ಸತ್ವ ಚೆಲ್ಲುವ ಕೆಲಸ ಇರುವುದಿಲ್ಲ. ಮಾಡುವಾಗ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ನಿಧಾನವಾಗಿ ಬಿಸಿಮಾಡಿ, ಬೆರಳಿಟ್ಟರೆ ಸುಡುವಷ್ಟು ಬಿಸಿಯಾದಾಗ ಇಳಿಸಿ ಐದು ನಿಮಿಷ ತಿರುವುತ್ತಿರಿ. ಕಿಣ್ವ ತನ್ನ ಕೆಲಸ ಮಾಡುವುದು ಆ ಐದು ನಿಮಿಷದಲ್ಲಿ. ಆಮೇಲೆ ಚೆನ್ನಾಗಿ ಕುದಿಸಿ. ಉತ್ತರ ಕರ್ನಾಟಕದ ಕಡೆಯವರು ಜೋಳದ ನುಚ್ಚಿನ ಗಂಜಿಗೂ ಈ ಮೊಳಕೆ ರಾಗಿ ಹಿಟ್ಟನ್ನು ಒಂದು ಚಮಚ ಬೆರೆಸಿ ಹೀಗೇ ಮಾಡಿಕೊಳ್ಳಬಹುದು, ಅದೂ ತೆಳುವಾಗುತ್ತದೆ.

ಒಂದು ಸಲದ ಫೀಡಿಗೆ ನಾನು ಕೊಡುವ ಅಳತೆ ಇದು: 150 ಎಂಎಲ್ ಹಾಲು, 25 ಗ್ರಾಂ ಮೊಳಕೆ ರಾಗಿ ಹಿಟ್ಟು, ಹತ್ತು ಗ್ರಾಂ ನುಣ್ಣನೆಯ ಹುರಿಗಡಲೆ ಪುಡಿ, ಹದಿನೈದು ಗ್ರಾಂ ಕೆನೆ ತೆಗೆದ ಹಾಲಿನ ಪುಡಿ, ಒಂದು ಟೀ ಚಮಚ ಎಣ್ಣೆ, ಉಳಿದದ್ದು ನೀರು. ಒಟ್ಟು 250 ಎಂಎಲ್ ಆಗಬೇಕು. ಇದರಲ್ಲಿ ಸುಮಾರು 300 ಕ್ಯಾಲರಿ, 14 ಗ್ರಾಂ ಪ್ರೋಟೀನ್ ಇರುತ್ತದೆ. ದಿನಕ್ಕೆ ಐದು ಸಲ ಹಾಕಿದರೆ 1,500 ಕ್ಯಾಲರಿ, 70 ಗ್ರಾಂ ಪ್ರೋಟೀನ್. ಅಂಗಡಿಯ ದುಬಾರಿ ಡಬ್ಬಿ ಕೊಳ್ಳಲು ಆಗದ ಮನೆಯಲ್ಲೂ ಇದು ಸಾಧ್ಯ. ಕಿರಾಣಿ ಅಂಗಡಿಯಲ್ಲಿ ಒಮ್ಮೆ ತೂಗಿಸಿ, ಮನೆಯ ಯಾವುದಾದರೂ ಬಟ್ಟಲಿಗೆ ಗೀಟು ಹಾಕಿಟ್ಟುಕೊಂಡರೆ ಮತ್ತೆ ಮತ್ತೆ ತೂಗಬೇಕಿಲ್ಲ. ಸಂಜೆಯ ಫೀಡಿಗೆ ಹಾಲಿನ ಬದಲು ಬೇಯಿಸಿ ನುಣ್ಣಗೆ ಅರೆದ ಹೆಸರುಬೇಳೆ, ಅನ್ನ, ಪೂರ್ತಿ ಬೆಂದ ಮೊಟ್ಟೆ ಹಾಕಬಹುದು. ಹಸಿ ಮೊಟ್ಟೆ ಒಡೆದು ಹಾಕುವುದು ಮಾತ್ರ ಬೇಡ, ಸೋಂಕಿನ ಭಯವಿದೆ. ಎಳನೀರು ಒಳ್ಳೆಯದೇ, ಆದರೆ ಒಂದು ಲೋಟಕ್ಕೆ ನಲವತ್ತು ಕ್ಯಾಲರಿ. ಅದನ್ನು ನೀರಿನ ಲೆಕ್ಕಕ್ಕೆ ಸೇರಿಸಿ, ಊಟದ ಲೆಕ್ಕಕ್ಕೆ ಬೇಡ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಅಳತೆ ಬೇರೆಯಾಗುತ್ತದೆ, ಕೇಳಿಯೇ ಮಾಡಿ.

ಇಷ್ಟು ಹೇಳಿದ ಮೇಲೂ ಒಂದು ಪ್ರಶ್ನೆ ಬಂದೇ ಬರುತ್ತದೆ. ಸಾಮಾನ್ಯವಾಗಿ ಅತ್ತೆಯವರೋ ದೊಡ್ಡಮ್ಮನೋ ದನಿ ತಗ್ಗಿಸಿ ಕೇಳುತ್ತಾರೆ: “ಬೇಳೆ, ಮೊಟ್ಟೆ, ಕಡಲೆ ಎಲ್ಲಾ ಹಾಕಿದ್ರೆ ನಂಜಾಗಲ್ವೇನಮ್ಮ? ಗಾಯ ಕೀವಾಗುತ್ತೆ ಅಂತಾರೆ.” ನಂಜು ಎಂಬ ಮಾತನ್ನು ನಗೆಯಾಡಿ ತಳ್ಳಿಹಾಕುವವಳು ನಾನಲ್ಲ. ಸೋಂಕಿಗೆ ಔಷಧಿಯೇ ಇಲ್ಲದ ಕಾಲದಲ್ಲಿ ಗಾಯ ಕೊಳೆತು ಸಾಯುವುದನ್ನು ಕಂಡವರು ಏನನ್ನು ಬಿಟ್ಟರೆ ಉಳಿದೇವು ಎಂದು ಹುಡುಕಿದ್ದಾರೆ. ಆದರೆ ಗಾಯದಲ್ಲಿ ಕೀವಾಗುವುದು ರೋಗಾಣುವಿನಿಂದ, ಬೇಳೆಯಿಂದ ಅಲ್ಲ. ನಂಜಿನ ಪಟ್ಟಿಯಲ್ಲಿ ಇರುವುದನ್ನೆಲ್ಲ ಒಂದೊಂದಾಗಿ ನೋಡಿದ್ದೇನೆ: ಮೊಟ್ಟೆ, ಮೀನು, ಮಾಂಸ, ಶೇಂಗಾ, ಬೇಳೆ. ಗಾಯ ಮಾಯಲು ಅತ್ಯಗತ್ಯವಾದ ಪ್ರೋಟೀನ್ ಇರುವುದು ಅವುಗಳಲ್ಲೇ. ಅವನ್ನೆಲ್ಲ ತೆಗೆದರೆ ಉಳಿಯುವುದು ತಿಳಿಗಂಜಿ, ತಿಳಿಸಾರು. ಪಥ್ಯ ಎಂಬ ಪದಕ್ಕೆ ಮೂಲದಲ್ಲಿ ಇರುವ ಅರ್ಥ ದೇಹಕ್ಕೆ ಹಿತವಾದದ್ದು ಎಂದು. ನಮ್ಮ ಬಾಯಲ್ಲಿ ಅದು ಬಿಡುವುದು, ಬಾಯಿ ಕಟ್ಟುವುದು ಎಂದಾಗಿಬಿಟ್ಟಿದೆ. ಈ ರೋಗಿಗೆ ಹಾಲು, ಬೇಳೆ, ಮೊಟ್ಟೆಯೇ ಪಥ್ಯ. ಇತ್ತೀಚೆಗೆ ಮೊಬೈಲಿನಲ್ಲಿ ಬರುವ ಇನ್ನೊಂದು ಮಾತಿದೆ, ಉಪವಾಸ ಮಾಡಿಸಿದರೆ ಗೆಡ್ಡೆ ಹಸಿದು ಸಾಯುತ್ತದೆ ಎಂದು. ಸೊರಗುವುದು ಮನುಷ್ಯ. ಇದನ್ನು ನಂಬಿ ಊಟ ಬಿಡಿಸಿದವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಹಾಕುವ ಕ್ರಮವನ್ನು ಬೇಗ ಹೇಳಿಬಿಡುತ್ತೇನೆ. ರೋಗಿ ಕೂತಿರಬೇಕು, ಆಗದಿದ್ದರೆ ತಲೆ ಬೆನ್ನು ಎತ್ತರಕ್ಕೆ ಒರಗಿರಬೇಕು, ಹಾಕಿದ ಮೇಲೂ ಒಂದು ಗಂಟೆ ಮಲಗಬಾರದು. ಟ್ಯೂಬಿನ ಮೇಲೆ ಮೂಗಿನ ಹತ್ತಿರ ಇರುವ ಗುರುತು ಜಾರಿದೆಯೇ ಎಂದು ಪ್ರತಿ ಸಲ ನೋಡಿ. ಸಿರಿಂಜಿನ ದಂಡ ತೆಗೆದು, ಕೊಳವೆಯನ್ನು ಎತ್ತಿ ಹಿಡಿದು ಆಹಾರ ತಾನಾಗಿ ಇಳಿಯಲು ಬಿಡಿ, ಒತ್ತಿ ತಳ್ಳಬೇಡಿ. ಹದಿನೈದು ಇಪ್ಪತ್ತು ನಿಮಿಷ ಹಿಡಿಯಲಿ. ಮೊದಲು, ಕೊನೆಗೆ ಐವತ್ತು ಎಂಎಲ್ ಕುದಿಸಿ ಆರಿಸಿದ ನೀರು ಹಾಕಿದರೆ ಟ್ಯೂಬ್ ಕಟ್ಟುವುದಿಲ್ಲ. ಮಾಡಿದ ಆಹಾರ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಬೆಳಿಗ್ಗೆ ಮಾಡಿ ಫ್ಲಾಸ್ಕಿನಲ್ಲಿ ಸಂಜೆಯವರೆಗೆ ಇಟ್ಟರೆ ಅದರಲ್ಲಿ ರೋಗಾಣು ಬೆಳೆಯುತ್ತದೆ, ಭೇದಿ ಶುರುವಾಗುತ್ತದೆ. ಆಮೇಲೆ ಹಾಲು ಒಗ್ಗಲಿಲ್ಲ ಎಂದು ಹಾಲನ್ನೇ ನಿಲ್ಲಿಸುತ್ತಾರೆ. ಮಾತ್ರೆಗಳಲ್ಲಿ ಯಾವುದನ್ನು ಪುಡಿ ಮಾಡಬಹುದು, ಯಾವುದನ್ನು ಮಾಡಬಾರದು ಎಂದು ಔಷಧಿ ಕೊಡುವವರನ್ನೇ ಕೇಳಿ. ಟ್ಯೂಬ್ ಹೊರಬಂದರೆ ಮನೆಯಲ್ಲಿ, ಅಥವಾ ಆಪರೇಶನ್ ವಿವರ ತಿಳಿಯದವರ ಕೈಯಲ್ಲಿ ಮತ್ತೆ ಹಾಕಿಸಬೇಡಿ. ಗಂಟಲಿನ ಹಸಿ ಹೊಲಿಗೆಗೆ ಅದರ ತುದಿ ತಾಗೀತು.

ನಾಲ್ಕಾರು ವಾರಕ್ಕಿಂತ ಹೆಚ್ಚು ಕಾಲ ನಳಿಕೆ ಬೇಕೆಂದು ಕಂಡರೆ ಹೊಟ್ಟೆಯ ಮೇಲಿಂದ ನೇರವಾಗಿ ಜಠರಕ್ಕೆ ಸಣ್ಣ ಟ್ಯೂಬ್ ಇಡುತ್ತಾರೆ. 1979ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಗಾಡರರ್ ಮತ್ತು ಪಾನ್ಸ್ಕಿ ಎಂಬ ಇಬ್ಬರು ವೈದ್ಯರು ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿಯಿಂದಲೇ ಇದನ್ನು ಮಾಡಿ ತೋರಿಸಿದರು, ಅದೂ ಒಂದು ಎಳೆಗೂಸಿಗೆ. ನಮ್ಮಲ್ಲಿ “ಹೊಟ್ಟೆಗೆ ತೂತು” ಎಂದೊಡನೆ ಜನ ಬೆಚ್ಚುತ್ತಾರೆ, ಇನ್ನು ಕೊನೆಗಾಲ ಬಂತೆಂದು ಅಳುತ್ತಾರೆ. ಅಂಗಿಯ ಕೆಳಗೆ ಅದು ಕಾಣುವುದೇ ಇಲ್ಲ. ಮೂಗಿನಲ್ಲಿ ಪೈಪು ಇದ್ದಾಗ ಬಸ್ಸು ಹತ್ತಲು ನಾಚುತ್ತಿದ್ದವರು ಇದಾದ ಮೇಲೆ ಹೊಲಕ್ಕೆ ಹೋಗಿದ್ದಾರೆ, ಮಗಳ ಮದುವೆಯಲ್ಲಿ ಓಡಾಡಿದ್ದಾರೆ. ನುಂಗುವುದು ಸರಿಹೋದ ದಿನ ಅದನ್ನು ತೆಗೆದರೆ ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ.

ನಮ್ಮ ರೈತರು ಮಾತಾಡಲಾಗದೆ ಒಂದು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಿದ್ದರು. ಎರಡನೆಯ ಸಲ ಬಂದಾಗ, ಗಾಯ ಕೂಡಿಕೊಳ್ಳುತ್ತಿದ್ದಾಗ, ಅವರು ಬರೆದದ್ದು ಎರಡೇ ಮಾತು: “ಮುದ್ದೆ ಯಾವಾಗ?”

ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಹಾಗಾಗಿ ಹಲ್ಲು ದವಡೆ ಹೋದರೂ ಮುದ್ದೆ ಉಣ್ಣಬಹುದೆಂದು ಬಹಳ ಜನ ತಿಳಿಯುತ್ತಾರೆ. ನುಂಗುವುದೆಂದರೆ ಎಷ್ಟು ಕೆಲಸ ನೋಡಿ. ಸಾರಿನಲ್ಲಿ ಅದ್ದಿದ ತುತ್ತನ್ನು ನಾಲಿಗೆ ಅಂಗುಳಿಗೆ ಒತ್ತಿ ಹಿಂದಕ್ಕೆ ದೂಡಬೇಕು. ಅಂಗುಳಿನ ಹಿಂಭಾಗ ಎದ್ದು ಮೂಗಿನ ದಾರಿ ಮುಚ್ಚಬೇಕು. ಧ್ವನಿಪೆಟ್ಟಿಗೆ ಮೇಲೆದ್ದು ಉಸಿರಿನ ಬಾಗಿಲು ಹಾಕಿಕೊಳ್ಳಬೇಕು. ಗಂಟಲು ಹಿಂಡಿ ಕೆಳಗಿಳಿಸಬೇಕು. ಇದೆಲ್ಲ ಒಂದೆರಡು ಸೆಕೆಂಡಿನಲ್ಲಿ. ನಾಲಿಗೆಯ ಒಂದು ಭಾಗ ಹೋಗಿ, ಆ ಜಾಗದಲ್ಲಿ ಮುಂಗೈಯ ಚರ್ಮ ತಂದು ಹೊಲಿದಿದ್ದರೆ, ಆ ಹೊಸ ಭಾಗಕ್ಕೆ ಅಲುಗಾಡಲು ಬಾರದು, ಅನ್ನ ತಾಗಿದ್ದೂ ತಿಳಿಯದು. ಅಂಟುವ, ಭಾರದ ಮುದ್ದೆ ಅಲ್ಲೇ ಕೂತುಬಿಡುತ್ತದೆ. ಇನ್ನು ನೀರು ಎಲ್ಲಕ್ಕಿಂತ ಸುಲಭ ಎಂದುಕೊಳ್ಳುತ್ತೇವೆ, ಅದೂ ತಪ್ಪು. ಬಾಗಿಲು ಹಾಕುವ ಮುಂಚೆಯೇ ನೀರು ಓಡಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೆಲವರಿಗೆ ಕೆಮ್ಮೂ ಬರುವುದಿಲ್ಲ, ಸದ್ದಿಲ್ಲದೆ ನ್ಯುಮೋನಿಯಾ ಆಗುತ್ತದೆ. ಉಂಡ ಮೇಲೆ ದನಿ ನೀರು ತುಂಬಿದ ಹಾಗೆ ಗೊರಗುಟ್ಟಿದರೆ, ಸಂಜೆಗೆ ಜ್ವರ ಬಂದರೆ ಅದು ಗುರುತು.

ಮತ್ತೆ ನುಂಗಲು ಕಲಿಸುವವರು ವಾಕ್ ಚಿಕಿತ್ಸಕರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಚಿಕಿತ್ಸಕರು 1960ರ ದಶಕದಿಂದ ತರಬೇತಾಗಿ ಬರುತ್ತಿದ್ದಾರೆ. ಮಾತು ತೊದಲುವವರಿಗೆ, ಕಿವಿ ಕೇಳದವರಿಗೆ ಮಾತ್ರ ಅವರು ಬೇಕೆಂದು ತಿಳಿಯಬೇಡಿ. ಗಲ್ಲವನ್ನು ಎದೆಗೆ ತಾಗಿಸಿ ನುಂಗಬೇಕೇ, ತಲೆಯನ್ನು ಆಪರೇಶನ್ ಆದ ಕಡೆಗೆ ತಿರುಗಿಸಬೇಕೇ, ಉಸಿರು ಹಿಡಿದು ನುಂಗಿ ಕೆಮ್ಮಬೇಕೇ ಎಂಬುದು ಒಬ್ಬೊಬ್ಬರಿಗೂ ಬೇರೆ. ಒಬ್ಬರಿಗೆ ಹೇಳಿದ್ದನ್ನು ಪಕ್ಕದ ಹಾಸಿಗೆಯವರು ಮಾಡಿದರೆ ಅಪಾಯ. ಆಹಾರದ ಹದಕ್ಕೂ ಈಗ ಜಗತ್ತಿನ ತಜ್ಞರು ಸೇರಿ ಮಾಡಿದ 0ರಿಂದ 7ರವರೆಗಿನ ಅಳತೆ ಇದೆ: ನೀರು ಸೊನ್ನೆ, ಮಾಮೂಲಿ ಊಟ ಏಳು. ನಡುವಿನವನ್ನು ನಾನು ಕನ್ನಡದಲ್ಲಿ ಮಜ್ಜಿಗೆಯ ಹದ, ರಾಗಿ ಅಂಬಲಿಯ ಹದ, ರಾಗಿ ಸರಿಯ ಹದ, ನುಣ್ಣಗೆ ಕಿವುಚಿದ ಮೊಸರನ್ನದ ಹದ ಎಂದು ಹೇಳಿಕೊಡುತ್ತೇನೆ. ಬಹಳ ಜನಕ್ಕೆ ಮೊದಲು ಒಗ್ಗುವುದು ರಾಗಿ ಸರಿಯ ಹದ. ಮೇಲಿನ ದವಡೆ, ಅಂಗುಳು ತೆಗೆದವರಿಗೆ ಉಂಡದ್ದು ಮೂಗಿನಿಂದ ಬರುತ್ತದೆ. ದಂತವೈದ್ಯರು ಅಳತೆಗೆ ಮಾಡಿಕೊಡುವ ಅಂಗುಳಿನ ತಟ್ಟೆ ಹಾಕಿಕೊಂಡರೆ ಅದು ನಿಲ್ಲುತ್ತದೆ. ಬಾಯಿ ಬಿಗಿದವರು ಐಸ್‌ಕ್ಯಾಂಡಿ ಕಡ್ಡಿಗಳನ್ನು ಒಂದರ ಮೇಲೊಂದು ಸೇರಿಸುತ್ತಾ ಹಲ್ಲುಗಳ ನಡುವೆ ಇಟ್ಟು ಬಾಯಿ ತೆರೆಯುವ ಅಭ್ಯಾಸವನ್ನು, ವೈದ್ಯರು ಹೇಳಿದ ದಿನದಿಂದ, ಬಿಡದೆ ಮಾಡಬೇಕು.

ಧ್ವನಿಪೆಟ್ಟಿಗೆ ಪೂರ್ತಿ ತೆಗೆದವರ ಕಥೆ ಬೇರೆ. ಅವರ ಉಸಿರು ಕುತ್ತಿಗೆಯ ತೂತಿನಿಂದ, ಊಟ ಬಾಯಿಂದ. ಎರಡು ದಾರಿಗಳೂ ಬೇರೆಯಾದ್ದರಿಂದ ಹೊಲಿಗೆ ಮಾದ ಮೇಲೆ ಊಟ ಶ್ವಾಸಕೋಶ ಸೇರುವ ಭಯ ಕಡಿಮೆ. ಮಾತಿಗೆಂದು ಇಟ್ಟ ಪುಟ್ಟ ಕವಾಟ ಸೋರಿದರೆ ಮಾತ್ರ ಎಚ್ಚರ ಬೇಕು. ಆದರೆ ಮೂಗಿನಲ್ಲಿ ಗಾಳಿ ಆಡದ ಕಾರಣ ಅವರಿಗೆ ವಾಸನೆ ಹೋಗುತ್ತದೆ, ವಾಸನೆಯ ಜೊತೆ ಅರ್ಧ ರುಚಿಯೂ ಹೋಗುತ್ತದೆ. ಒಗ್ಗರಣೆಯ ಘಮ ತಿಳಿಯದ ಮನೆಯಲ್ಲಿ ಹಸಿವು ಹುಟ್ಟುವುದು ಹೇಗೆ? ಬಿಸಿ ಸಾರನ್ನು ಊದಿ ಆರಿಸಲೂ ಅವರಿಗೆ ಆಗುವುದಿಲ್ಲ, ಬಾಯಿಗೆ ಉಸಿರೇ ಬರುವುದಿಲ್ಲ. ಬಡಿಸುವವರು ಆರಿಸಿ ಕೊಡಬೇಕು. ತುಟಿ ಮುಚ್ಚಿಕೊಂಡು ಆಕಳಿಸುವ ಹಾಗೆ ದವಡೆ ಕೆಳಗಿಳಿಸಿ ಮೂಗಿಗೆ ಗಾಳಿ ಎಳೆಯುವ ಒಂದು ಉಪಾಯವನ್ನು ನೆದರ್ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮಿನ ವೈದ್ಯರು ರೂಢಿಗೆ ತಂದಿದ್ದಾರೆ. ಕಲಿತವರಲ್ಲಿ ಅನೇಕರಿಗೆ ವಾಸನೆ ಮರಳಿದೆ.

ಇನ್ನು ಆಪರೇಶನ್ ನಂತರ “ಕರೆಂಟ್” ಎಂದು ನಮ್ಮ ಜನ ಕರೆಯುವ ರೇಡಿಯೇಶನ್. ಬೇಕಾದವರಿಗೆ ಅದು ಆಪರೇಶನ್ ಆದ ಆರು ವಾರದ ಒಳಗೆ ಶುರುವಾಗಬೇಕು, ಸುಮಾರು ಆರು ವಾರ ನಡೆಯುತ್ತದೆ. ಗಾಯ ಮಾಯದಿದ್ದರೆ ತಡವಾಗುತ್ತದೆ, ತಡವಾದರೆ ಕ್ಯಾನ್ಸರಿಗೆ ಅನುಕೂಲ. ನಡುವೆ ತೂಕ ಇಳಿದರೆ, ಮುಖ ಅಲುಗದಿರಲೆಂದು ಅಳತೆ ತೆಗೆದು ಮಾಡಿದ ಪ್ಲಾಸ್ಟಿಕ್ ಮುಖವಾಡವೇ ಸಡಿಲವಾಗಿ, ಗುರಿ ತಪ್ಪೀತೆಂದು ಮತ್ತೆ ಅಳತೆ ತೆಗೆಯಬೇಕಾಗುತ್ತದೆ. ಮೂರನೆಯ ವಾರದ ಹೊತ್ತಿಗೆ ಬಾಯಿ ಹುಣ್ಣಾಗಿ ಉರಿಯುತ್ತದೆ, ಜೊಲ್ಲು ಒಣಗುತ್ತದೆ, ಏನು ತಿಂದರೂ ಮಣ್ಣಿನಂತೆ ಎನ್ನುತ್ತಾರೆ. ಆಗಲೇ ಬಹಳ ಜನ ಅರ್ಧಕ್ಕೆ ಬಿಟ್ಟು ಊರಿಗೆ ಹೋಗುವುದು. ಟ್ಯೂಬ್ ತೆಗೆಸಲು ಈ ಹೊತ್ತಿನಲ್ಲಿ ಅವಸರ ಮಾಡಬೇಡಿ.

ರೋಗಿಯ ಮನಸ್ಸಿನ ಮಾತು ಒಂದಿಷ್ಟು. ನಮ್ಮಲ್ಲಿ ದಾರಿಯಲ್ಲಿ ಎದುರಾದವರೆಲ್ಲ ಕೇಳುವುದು “ಊಟ ಆಯ್ತಾ?” ಎಂದೇ. ಮೂಗಿನಲ್ಲಿ ನಳಿಕೆ ಇರುವವರಿಗೆ ಆ ಪ್ರಶ್ನೆ ಚುಚ್ಚುತ್ತದೆ, ಕೇಳುವವರೂ ಕೇಳಿದ ಮೇಲೆ ಮುಜುಗರಪಡುತ್ತಾರೆ. ಮನೆಯವರು ಊಟಕ್ಕೆ ಕೂತಾಗ ಅವರನ್ನು ಒಳಕೋಣೆಗೆ ಕಳಿಸಬೇಡಿ. ನಿಮ್ಮ ತಟ್ಟೆಯ ಹೊತ್ತಿಗೇ ಅವರ ಫೀಡ್ ಕೂಡ ನಡೆಯಲಿ. ಬಾಯಲ್ಲಿ ಉಣ್ಣತೊಡಗಿದ ಮೇಲೆ ಜೊಲ್ಲು ಸುರಿದರೆ, ಅನ್ನ ಜಾರಿದರೆ ಒಂದು ಟವೆಲ್ ಪಕ್ಕಕ್ಕಿಟ್ಟು ಸುಮ್ಮನಿದ್ದುಬಿಡಿ. ಒಂದು ಬಟ್ಟಲು ಮುಗಿಸಲು ಮುಕ್ಕಾಲು ಗಂಟೆ ಹಿಡಿದರೂ ಎದ್ದು ಹೋಗಬೇಡಿ.

ನಮ್ಮ ರೈತರ ತೂಕ ಎರಡು ತಿಂಗಳಿಗೆ 50 ಮುಟ್ಟಿತು. ಒಸರುತ್ತಿದ್ದ ಮೂಲೆ ಮಾಯಿತು, ಕರೆಂಟನ್ನು ಪೂರ್ತಿ ತೆಗೆದುಕೊಂಡರು. ಮುದ್ದೆಗೆ ಇನ್ನೂ ಹೋಗಿಲ್ಲ. ಅದೇ ರಾಗಿಯ ಸರಿಯನ್ನು ಬಸ್ಸಾರಿನ ಕಟ್ಟಿನಲ್ಲಿ ಕಲಸಿಕೊಂಡು ಚಮಚದಲ್ಲಿ ಉಣ್ಣುತ್ತಾರೆ.

ಕೊನೆಯದಾಗಿ ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಮನೆಯವರೋ ಊರಿನವರೋ ಇಂಥ ಆಪರೇಶನ್ ಮುಗಿಸಿ ಮನೆಗೆ ಹೊರಡುವ ದಿನ, ಮಾತ್ರೆಯ ಚೀಟಿ ಜೊತೆಗೆ ಊಟದ ಚೀಟಿಯನ್ನೂ ಕೇಳಿ. ಏನು, ಎಷ್ಟು ಎಂಎಲ್, ದಿನಕ್ಕೆ ಎಷ್ಟು ಸಲ, ಎಷ್ಟು ಪ್ರೋಟೀನ್ ಎಂದು ಕನ್ನಡದಲ್ಲಿ ಬರೆಸಿಕೊಳ್ಳಿ. ಅವತ್ತಿನ ತೂಕವನ್ನೂ ಅದರಲ್ಲೇ ಬರೆಸಿ, ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ತೂಗಿ ನೋಡಿ. ವಾರದಲ್ಲಿ ಒಂದು ಕಿಲೋ ಇಳಿದರೂ ಮುಂದಿನ ತಾರೀಖಿಗೆ ಕಾಯದೆ ಕರೆದುಕೊಂಡು ಬನ್ನಿ. ಆ ಚೀಟಿ ಕೈಗೆ ಬರುವವರೆಗೆ ಆಸ್ಪತ್ರೆಯ ಗೇಟು ದಾಟಬೇಡಿ.